ಗೋರಿಗೋಪುರದಿಂದ ಚೌಖಂಡಿಗೆ: ಇಟ್ಟಿಗೆಯ ಅಲಂಕಾರ ಮತ್ತು ಕರಿಗಲ್ಲಿನ ಅಕ್ಷರ

ಕರ್ನಾಟಕದ ವಾಸ್ತುಶಿಲ್ಪವನ್ನು ಕುರಿತ ಬರವಣಿಗೆಯ ಬಹುಭಾಗ ಕಲ್ಲನ್ನು ಕುರಿತದ್ದು. ಇದು ಸಹಜವೂ ಹೌದು. ಮಲಪ್ರಭೆಯ ದಂಡೆಯಲ್ಲಿ, ಇಂದಿನ ಬಾಗಲಕೋಟೆ ಜಿಲ್ಲೆಯ ಬಾದಾಮಿ ಮತ್ತು ಹುನಗುಂದ ಸೀಮೆಗಳಲ್ಲಿ, ಬಂಡೆಯನ್ನು ಕೊರೆದು ಮಾಡಿದ ಗುಹೆಯಿಂದ ಬಂಡೆಯನ್ನು ಕಡಿದು ತಂದು ಕಟ್ಟಿದ ಗುಡಿಯವರೆಗೆ ಒಂದು ಪರಂಪರೆ ಬೆಳೆದುನಿಂತ ಬಗೆಯನ್ನು ಹಂತಹಂತವಾಗಿ ಕಾಣಬಹುದು. ಬಾದಾಮಿಯ ಮೂರನೆಯ ಗುಹೆಗೆ ಶಕ 500ರ, ಅಂದರೆ ಕ್ರಿ.ಶ. 578ರ ಶಾಸನವಿದೆ. ಐಹೊಳೆಯ ಮೇಗುತಿ ಬಸದಿಗೆ 634ರ ಶಾಸನವಿದೆ. ಹೀಗೆ ಕಾಲವೂ ಕಲ್ಲೂ ಖಚಿತವಾಗಿರುವ ನೆಲದಲ್ಲಿ ಪಳಗಿದ ಕಣ್ಣು ಯಾವ ಕಟ್ಟಡದ ಮುಂದೆ ನಿಂತರೂ ಮೊದಲು ಕೇಳುವ ಪ್ರಶ್ನೆ ಎರಡೇ: ಇದು ಯಾವ ಕಲ್ಲು, ಇದನ್ನು ಕಡೆದವರು ಯಾರು?

ಅದೇ ಸೀಮೆಯಲ್ಲಿ ಈ ಪ್ರಶ್ನೆಗಳಿಗೆ ಸುಲಭವಾಗಿ ಸಿಕ್ಕದ ಕಟ್ಟಡಗಳೂ ಇವೆ. ಬಾದಾಮಿಯ ಗುಹೆಗಳಿಗೆ ಹತ್ತುವ ನೋಡುಗ ಗುಡ್ಡದ ಬುಡದಲ್ಲಿರುವ ಮಸೀದಿ ಮತ್ತು ಅಬ್ದುಲ್ ಮಲಿಕ್ ಅಜೀಜನ ಗೋರಿಯನ್ನು ದಾಟಿಯೇ ಹೋಗುತ್ತಾನೆ. ಇಳಕಲ್ಲಿನಲ್ಲಿ ಮುರ್ತುಜಾ ಖಾದ್ರಿಯವರ ದರ್ಗಾ ಊರಿನ ಬದುಕಿನ ಭಾಗವೇ ಆಗಿದೆ. ಗಾರೆ ಮೆತ್ತಿದ ಗೋಡೆಯ ಮುಂದೆ, ಸುಣ್ಣ ಬಳಿದ ಗುಮ್ಮಟದ ಮುಂದೆ ಕಲ್ಲಿನ ಪ್ರಶ್ನೆಗಳು ಉತ್ತರ ಕಾಣದೆ ಹಿಂದಿರುಗುತ್ತವೆ. ಆಗ ಬರವಣಿಗೆ ಸಾಮಾನ್ಯವಾಗಿ ಹಿಡಿಯುವ ದಾರಿ ಒಂದು: ಕಟ್ಟಿಸಿದ ಅರಸನ ಹೆಸರು, ಆಳ್ವಿಕೆಯ ವರ್ಷ, ಗುಮ್ಮಟದ ಎತ್ತರ, ಕೊನೆಗೆ ‘ಪರ್ಷಿಯನ್ ಪ್ರಭಾವ’ ಎಂಬ ಎರಡು ಪದ. ಈ ಎರಡು ಪದಗಳು ವಿವರಣೆಯಂತೆ ತೋರುತ್ತವೆ. ವಾಸ್ತವದಲ್ಲಿ ಅವು ವಿವರಣೆಯನ್ನು ಮುಂದೂಡುತ್ತವೆ.

ಪ್ರಸ್ತುತ ಲೇಖನ ಆ ಮುಂದೂಡಿದ ವಿವರಣೆಯನ್ನು ಒಂದು ಕಟ್ಟಡದ ಮಟ್ಟಿಗೆ ಕೈಗೆತ್ತಿಕೊಳ್ಳುತ್ತದೆ. ಇರಾನಿನಲ್ಲಿ 11 ಮತ್ತು 12ನೇ ಶತಮಾನಗಳಲ್ಲಿ ಇಟ್ಟಿಗೆಯ ಜೋಡಣೆಯಿಂದಲೇ ಅಲಂಕಾರ ಪಡೆದ ಗೋರಿಗೋಪುರಗಳು ಎದ್ದವು. ಕರ್ನಾಟಕದಲ್ಲಿ ಆ ಬಗೆಗೆ ಅತ್ಯಂತ ಸಮೀಪ ನಿಲ್ಲುವ ಕಟ್ಟಡ ಬೀದರ ಬಳಿಯ ಅಷ್ಟೂರಿನ ಹಾದಿಯಲ್ಲಿರುವ ಹಜರತ್ ಖಲೀಲುಲ್ಲಾ ಅವರ ಚೌಖಂಡಿ. ಇವೆರಡನ್ನೂ ಎದುರುಬದುರು ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಚೌಖಂಡಿ ಇರಾನಿ ಗೋಪುರದ ಕ್ಷೀಣಗೊಂಡ ಪ್ರತಿಯಲ್ಲ. ಅಲ್ಲಿ ಕಟ್ಟಡದ ಕಲೆ ಒಂದು ಸ್ಥಾನದಿಂದ ಮತ್ತೊಂದಕ್ಕೆ, ಗೋಡೆಯ ಮೈಯಿಂದ ಗೋಡೆ ಹೊತ್ತ ಅಕ್ಷರಕ್ಕೆ, ಸ್ಥಳಾಂತರ ಹೊಂದಿದೆ. ಈ ಸ್ಥಳಾಂತರವನ್ನು ಗುರುತಿಸದೆ ಇಂದು ಉಳಿದಿರುವ ಬರಿಗೋಡೆಯನ್ನು ಹೊಗಳುವುದೂ ತೆಗಳುವುದೂ ಸಮಾನವಾಗಿ ದೋಷಪೂರ್ಣ.

1. ಇಟ್ಟಿಗೆಯೇ ಗೋಡೆ, ಇಟ್ಟಿಗೆಯೇ ಅಲಂಕಾರ

ಇರಾನಿನ ಕಜ್ವೀನ್ ಮತ್ತು ಹಮದಾನ್ ನಗರಗಳ ನಡುವಿನ ಬಯಲುನಾಡಿನಲ್ಲಿ ಖರ್ರಕಾನಿನ ಎರಡು ಗೋಪುರಗಳಿವೆ. ಮೊದಲನೆಯದರ ಕಾಲ 1067–68, ಎರಡನೆಯದರ ಕಾಲ 1093. ಎರಡೂ ಎಂಟು ಮೂಲೆಯವು. ಪ್ರತಿ ಮೂಲೆಯಲ್ಲೂ ಒಂದೊಂದು ದುಂಡನೆಯ ಆಸರೆಗಂಬವಿದೆ. ಎತ್ತರ ಸುಮಾರು 15 ಮೀಟರ್. ಡೇವಿಡ್ ಸ್ಟ್ರೋನಾಕ್ ಮತ್ತು ಕೈಲರ್ ಯಂಗ್ 1966ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಇವು ವಿದ್ವತ್ ಲೋಕಕ್ಕೆ ಪರಿಚಿತವಾದವು. 2002ರ ಜೂನ್ ತಿಂಗಳ ಭೂಕಂಪದಲ್ಲಿ ಎರಡಕ್ಕೂ ಪೆಟ್ಟು ಬಿದ್ದಿತು.

ಈ ಗೋಪುರಗಳ ಹೊರಮೈಯಲ್ಲಿ ಹತ್ತಾರು ಬಗೆಯ ಇಟ್ಟಿಗೆ ವಿನ್ಯಾಸಗಳಿವೆ. ಬಣ್ಣವಿಲ್ಲ, ಮೆರುಗಿಲ್ಲ, ಗಾರೆಯ ಹೊದಿಕೆಯಿಲ್ಲ. ಇಟ್ಟಿಗೆಯನ್ನು ಒಂದು ಕಡೆ ಉದ್ದಕ್ಕೆ, ಇನ್ನೊಂದು ಕಡೆ ಅಡ್ಡಕ್ಕೆ, ಮತ್ತೊಂದು ಕಡೆ ನಿಲುವಾಗಿ ಇಡುವುದು. ಒಂದನ್ನು ಮುಂದಕ್ಕೆ ಚಾಚಿ ಮತ್ತೊಂದನ್ನು ಹಿಂದಕ್ಕೆ ಸರಿಸುವುದು. ಸಂದುಗಳನ್ನು ಬೇಕೆಂದೇ ಆಳವಾಗಿ ಬಿಡುವುದು: ಸಾಧನಗಳು ಇಷ್ಟೇ. ಉಳಿದ ಕೆಲಸವನ್ನು ಬಿಸಿಲು ಮಾಡುತ್ತದೆ. ಬೆಳಗಿನ ಓರೆ ಬೆಳಕಿನಲ್ಲಿ ನೆರಳು ಉದ್ದವಾಗಿ ವಿನ್ಯಾಸ ಎದ್ದುಕಾಣುತ್ತದೆ. ನಡುಹಗಲಿನಲ್ಲಿ ಅದೇ ಮುಖ ಸಮತಟ್ಟಾಗಿ ಕಾಣುತ್ತದೆ. ಪಾರಸಿಯಲ್ಲಿ ಈ ಕೆಲಸಕ್ಕೆ ‘ಹಜಾರ್ ಬಾಫ್’ ಎಂಬ ಹೆಸರಿದೆ. ಅದರ ಅರ್ಥ ಸಾವಿರ ನೇಯ್ಗೆ. ಇಟ್ಟಿಗೆಯ ಕಸುಬಿಗೆ ಮಗ್ಗದ ಮಾತನ್ನು ತಂದಿರುವುದು ಅರ್ಥಪೂರ್ಣವಾಗಿದೆ. ಹಾಸು ಹೊಕ್ಕುಗಳೇ ಬಟ್ಟೆಯೂ ಆಗಿ ಬಟ್ಟೆಯ ಚಿತ್ತಾರವೂ ಆಗುವಂತೆ ಇಲ್ಲಿ ಇಟ್ಟಿಗೆ ಗೋಡೆಯೂ ಆಗಿದೆ, ಗೋಡೆಯ ಅಲಂಕಾರವೂ ಆಗಿದೆ. ಒಂದನ್ನು ಉಳಿಸಿ ಇನ್ನೊಂದನ್ನು ತೆಗೆಯುವುದು ಸಾಧ್ಯವಿಲ್ಲ. ಅಲಂಕಾರವನ್ನು ಕೀಳಲು ಹೊರಟರೆ ಗೋಡೆಯೇ ಬೀಳುತ್ತದೆ.

ಇರಾನಿನ ಎಲ್ಲ ಗೋರಿಗೋಪುರಗಳೂ ಹೀಗಿಲ್ಲ. 1006–07ರಲ್ಲಿ ಕಟ್ಟಿದ ಗುಂಬದೆ ಕಾಬೂಸ್ 50 ಮೀಟರಿಗೂ ಮಿಕ್ಕ ಎತ್ತರವಿದ್ದರೂ ಎರಡು ಶಾಸನಪಟ್ಟಿಗಳನ್ನು ಬಿಟ್ಟರೆ ಬರಿಯ ಇಟ್ಟಿಗೆಯ ನಿಲುವು. ಮರಾಗಾದಲ್ಲಿ 1147–48ರ ಕೆಂಪು ಗುಮ್ಮಟದಲ್ಲಿ ಇಟ್ಟಿಗೆಯ ನಡುವೆ ಮೆರುಗಿನ ತುಣುಕುಗಳು ಕಾಣಿಸಿಕೊಳ್ಳುತ್ತವೆ. ಅದೇ ಊರಿನ 1196–97ರ ನೀಲಿ ಗುಮ್ಮಟದಲ್ಲಿ ಬಣ್ಣದ ಪಾಲು ಹೆಚ್ಚಿದೆ. 14ನೇ ಶತಮಾನದ ಆರಂಭದಲ್ಲಿ ಸುಲ್ತಾನಿಯಾದಲ್ಲಿ ಎದ್ದ ಓಲ್ಜೈತುವಿನ ಎಂಟು ಮೂಲೆಯ ಮಹಾಗೋರಿಯ ಒಳಗೋಡೆಗಳನ್ನು ಮೊದಲು ಇಟ್ಟಿಗೆ ಮತ್ತು ಟೈಲ್ ಬಿಲ್ಲೆಗಳಿಂದ ಅಲಂಕರಿಸಿ, ಅನಂತರ ಕೆಲವೇ ವರ್ಷಗಳಲ್ಲಿ ಅವುಗಳ ಮೇಲೆ ಗಾರೆಯ ಪದರ ಹೊದಿಸಿ ಹೊಸದಾಗಿ ಚಿತ್ತಾರ ಬರೆಯಲಾಯಿತು. ಇಟ್ಟಿಗೆ ಮರೆಗೆ ಸರಿದದ್ದು ದಖನಿನಲ್ಲಿ ಮೊದಲಲ್ಲ. ಇರಾನಿನಲ್ಲಿಯೇ ಆ ಕ್ರಿಯೆ ನಡೆದಿತ್ತು. ‘ಅಲ್ಲಿ ಶುದ್ಧ, ಇಲ್ಲಿ ಮಿಶ್ರ’ ಎಂಬ ಸುಲಭ ವಿಂಗಡಣೆ ಇದರಿಂದಲೇ ಸಡಿಲವಾಗುತ್ತದೆ.

2. ಅಷ್ಟೂರಿನ ಹಾದಿ

ಬೀದರ ನಗರ ನಿಂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಈ ಕನ್ನಡ ಪದದಲ್ಲಿಯೇ ಇಟ್ಟಿಗೆ ಇದೆ. 1800–01ರಲ್ಲಿ ದಕ್ಷಿಣ ಭಾರತವನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಇದೇ ಬಗೆಯ ಕಲ್ಲನ್ನು ಕಂಡು, ಸ್ಥಳೀಯರು ಅದನ್ನು ಇಟ್ಟಿಗೆಕಲ್ಲು ಎನ್ನುವುದನ್ನು ಕೇಳಿ, ಲ್ಯಾಟಿನ್ನಿನಲ್ಲಿ ಇಟ್ಟಿಗೆ ಎಂಬರ್ಥದ ಪದದಿಂದ ಲ್ಯಾಟರೈಟ್ ಎಂಬ ಹೆಸರನ್ನು ರೂಪಿಸಿದನು. ನೆಲದೊಳಗೆ ಮೆದುವಾಗಿದ್ದು, ಕಡಿದು ಗಾಳಿಗಿಟ್ಟಾಗ ಗಟ್ಟಿಯಾಗುವ ಈ ಕಲ್ಲು ಗೋಡೆ ಕಟ್ಟಲು ಯೋಗ್ಯ. ಆದರೆ ಅದರ ಮೈಯೆಲ್ಲ ತೂತು. ಸೂಕ್ಷ್ಮವಾದ ಕೆತ್ತನೆಯನ್ನು ಅದು ಹಿಡಿಯದು. ಬಾದಾಮಿಯ ಕೆಂಪು ಮರಳುಗಲ್ಲಿನಲ್ಲಿ ಶಿಲ್ಪಿ ಗೋಡೆಯನ್ನೇ ಕಡೆದು ಮೂರ್ತಿ ಮಾಡಬಲ್ಲ. ಬೀದರಿನಲ್ಲಿ ಗೋಡೆಯ ಕಲ್ಲು ಅಂತಹ ಸಲಿಗೆ ಕೊಡುವುದಿಲ್ಲ. ಇಲ್ಲಿ ಗೋಡೆ ಬೇರೆ, ಅಲಂಕಾರ ಬೇರೆ ಎಂಬ ವಿಭಜನೆಗೆ ನೆಲದ ಗುಣವೇ ಒಂದು ಕಾರಣ.

ಬಹಮನಿ ಸುಲ್ತಾನ ಅಹ್ಮದ್ ಶಹನ ಕಾಲದಲ್ಲಿ (1422–1436) ರಾಜಧಾನಿ ಕಲಬುರಗಿಯಿಂದ ಬೀದರಿಗೆ ಬಂದಿತು. ಅವನು ಇರಾನಿನ ಕೆರ್ಮಾನ್ ಪ್ರಾಂತದ ಮಾಹಾನಿನಲ್ಲಿದ್ದ ಸೂಫಿ ಗುರು ಶಾಹ್ ನಿಯಾಮತುಲ್ಲಾ ವಲಿ ಅವರ ಭಕ್ತ. ಗುರುವನ್ನು ಬೀದರಿಗೆ ಆಹ್ವಾನಿಸಿದಾಗ ಮೊದಲು ಮೊಮ್ಮಗ ನೂರುಲ್ಲಾ ಬಂದರು. 1431ರಲ್ಲಿ ಗುರು ತೀರಿಕೊಂಡ ನಂತರ ಮಗ ಖಲೀಲುಲ್ಲಾ ಅವರೂ ಬಂದು ನೆಲೆಸಿದರು. 15ನೇ ಶತಮಾನದ ಮಧ್ಯಭಾಗದಲ್ಲಿ ಅವರಿಗಾಗಿ ಎದ್ದ ಗೋರಿಯೇ ಚೌಖಂಡಿ.

ನಗರದಿಂದ ಪೂರ್ವಕ್ಕೆ ಅಷ್ಟೂರಿನ ಕಡೆಗೆ ಹೊರಟ ನೋಡುಗನಿಗೆ ದಾರಿಯ ಪಕ್ಕದ ದಿಬ್ಬದ ಮೇಲೆ, ಮೆಟ್ಟಿಲುಗಳ ತುದಿಯಲ್ಲಿ, ಇದು ಕಾಣಸಿಗುತ್ತದೆ. ದೂರದಿಂದ ನೋಡಿದಾಗ ಮೊದಲು ಗಮನಕ್ಕೆ ಬರುವುದು ಗುಮ್ಮಟವಿಲ್ಲದ ಅದರ ಆಕಾರ. ಎಂಟು ಮೂಲೆಯ ಹೊರಗೋಡೆ ಎರಡು ಅಂತಸ್ತಿನ ಕಮಾನುಗಳನ್ನು ಹೊತ್ತು ಆಕಾಶಕ್ಕೆ ತೆರೆದುಕೊಂಡು ನಿಂತಿದೆ. ಅದರ ಒಳಗೆ ಚೌಕಾಕಾರದ ಗೋರಿಕೋಣೆಯಿದೆ. ಚೌಖಂಡಿ ಎಂಬ ಹೆಸರು ನಾಲ್ಕನ್ನು ಹೇಳುತ್ತದೆ, ಹೊರಗೋಡೆ ಎಂಟನ್ನು ಹೇಳುತ್ತದೆ. ಖರ್ರಕಾನಿನ ಅರ್ಥದಲ್ಲಿ ಇದು ಗೋಪುರವಲ್ಲ. ಗೋಪುರದ ಹೊರಚಿಪ್ಪನ್ನು ಅಗಲಿಸಿ, ತಲೆಯನ್ನು ತೆಗೆದು, ಗೋರಿಯ ಸುತ್ತ ಬಳಸಿ ನಿಲ್ಲಿಸಿದಂತಹ ರಚನೆ. ಹೋಲಿಕೆಯ ಮಿತಿ ಇಲ್ಲಿದೆ. ಹೋಲಿಕೆಯ ಪ್ರಯೋಜನವೂ ಇಲ್ಲಿಂದಲೇ ಆರಂಭವಾಗುತ್ತದೆ. ಎರಡೂ ಕಡೆ ಎಂಟು ಮುಖಗಳಿವೆ, ಎರಡೂ ಕಡೆ ಮುಖಗಳಿಗೆ ಅಲಂಕಾರ ಬೇಕಾಗಿದೆ, ಎರಡೂ ಕಡೆ ಅಕ್ಷರ ಆ ಅಲಂಕಾರದ ಭಾಗವಾಗಿದೆ. ಆದರೆ ಪರಿಹಾರಗಳು ಬೇರೆ.

ಹತ್ತಿರ ಬಂದಾಗ ಕಾಣುವುದು ಮೂರು ಪದರ. ಮೊದಲನೆಯದು ಕಲ್ಲು ಸುಣ್ಣಗಳಿಂದ ಎದ್ದು ಗಾರೆಯ ಹೊದಿಕೆ ಪಡೆದ ಗೋಡೆ. ಎರಡನೆಯದು ಕಮಾನುಗಳ ಅಂಚಿಗೂ ಚೌಕಟ್ಟಿಗೂ ಕೂಡಿಸಿದ ನುಣುಪಾದ ಕರಿಗಲ್ಲಿನ ಪಟ್ಟಿಗಳು. ಅವುಗಳಲ್ಲಿ ಹುರಿಗಟ್ಟಿದಂತಹ, ಹೂಬಳ್ಳಿಯಂತಹ ಕೆತ್ತನೆ. ಮೂರನೆಯದು ಬಣ್ಣದ ಮೆರುಗು ಕೊಟ್ಟು ಸುಟ್ಟ ಟೈಲ್ ಬಿಲ್ಲೆಗಳು. ಈ ಮೂರನೆಯ ಪದರದ ಬಹುಭಾಗ ಇಂದು ಇಲ್ಲ. ಪ್ರವೇಶದ ಕಮಾನಿನ ಮೇಲ್ಭಾಗದಲ್ಲಿ ಶಿರಾಜಿನ ಲಿಪಿಕಾರ ಮುಗೀಸ್ ಅಲ್ ಖಾರಿ ಬರೆದ ಸುಲುಸ್ ಲಿಪಿಯ ಫಲಕವಿದೆ. ಅಕ್ಷರಗಳ ಹಿಂದೆ ಬಳ್ಳಿ ಹರಿದಿದೆ. ಮುಂದೆ ಅಕ್ಷರಗಳೇ ಬಳ್ಳಿಯಂತೆ ಹೆಣೆದುಕೊಂಡಿವೆ.

ಗೋಡೆ ಮತ್ತು ಅಲಂಕಾರಗಳ ಈ ಸಂಬಂಧಕ್ಕೆ ಹುನಗುಂದ ಸೀಮೆಯ ಮಗ್ಗದಿಂದಲೇ ಒಂದು ಪದವನ್ನು ಪಡೆಯಬಹುದು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕುಣಿಕೆ ಹಾಕಿ ಒಂದಕ್ಕೊಂದು ಸಿಕ್ಕಿಸುವ ಕ್ರಮಕ್ಕೆ ಕೊಂಡಿ ಎನ್ನುತ್ತಾರೆ. ಸೀರೆಯ ಗುಣ ನಿರ್ಧಾರವಾಗುವುದು ಒಡಲಿನಲ್ಲಿ ಮಾತ್ರವಲ್ಲ, ಸೆರಗಿನಲ್ಲಿ ಮಾತ್ರವಲ್ಲ, ಆ ಕೊಂಡಿಯಲ್ಲಿಯೂ. ಖರ್ರಕಾನ್ ಒಂದೇ ಹಾಸಿನ ಬಟ್ಟೆ. ಚೌಖಂಡಿ ಕೊಂಡಿ ಹಾಕಿದ ಬಟ್ಟೆ. ಒಂದೇ ಹಾಸಿನ ನೇಯ್ಗೆಯ ಅಳತೆಗೋಲಿನಿಂದ ಕೊಂಡಿಯ ನೇಯ್ಗೆಯನ್ನು ಅಳೆದು, ಇಲ್ಲಿ ಅಲಂಕಾರ ‘ಮೇಲಿನಿಂದ ಹಚ್ಚಿದ್ದು’ ಎಂದು ಕೊರತೆ ಹೇಳುವುದು ಅಳತೆಯ ತಪ್ಪು.

3. ಇಟ್ಟಿಗೆಯ ಲಿಪಿ, ಕಲ್ಲಿನ ಲಿಪಿ

ಮಾಧ್ಯಮ ಬದಲಾದಾಗ ಲಿಪಿ ಬದಲಾಗುತ್ತದೆ ಎಂಬುದು ಈ ಎರಡು ಕಟ್ಟಡಗಳ ಹೋಲಿಕೆಯಿಂದ ದೊರೆಯುವ ಅತ್ಯಂತ ಗಟ್ಟಿಯಾದ ಅಂಶ. ಖರ್ರಕಾನಿನ ಶಾಸನಪಟ್ಟಿಗಳು ಕೂಫಿ ಲಿಪಿಯಲ್ಲಿವೆ. ನೇರಗೆರೆ ಮತ್ತು ಕೋನಗಳೇ ಪ್ರಧಾನವಾಗಿರುವ ಆ ಲಿಪಿ ಇಟ್ಟಿಗೆಯ ತುಂಡುಗಳಿಗೆ ಹೇಳಿ ಮಾಡಿಸಿದಂತಿದೆ. ಅಕ್ಷರದ ಕಾಲು ಒಂದು ನಿಲುವಿನ ಇಟ್ಟಿಗೆ, ಅಕ್ಷರದ ತಳ ಒಂದು ಅಡ್ಡ ಇಟ್ಟಿಗೆ. ಹೀಗಾಗಿ ಓದುವ ಅಕ್ಷರಕ್ಕೂ ನೋಡುವ ವಿನ್ಯಾಸಕ್ಕೂ ನಡುವೆ ಅಂತರವೇ ಉಳಿಯುವುದಿಲ್ಲ. ಅದು ಆ ಗೋಪುರಗಳ ಸಿದ್ಧಿ. ಅದೇ ಅವುಗಳ ಕಟ್ಟುಪಾಡು ಕೂಡ. ಬಾಗುವ, ಬಳುಕುವ, ಒಂದರ ಮೇಲೊಂದು ಹಾಯುವ ಅಕ್ಷರವನ್ನು ಇಟ್ಟಿಗೆ ಸುಲಭವಾಗಿ ಒಪ್ಪುವುದಿಲ್ಲ.

ಚೌಖಂಡಿಯ ಕಾಲಕ್ಕೆ ಲೇಖನಕಲೆಯ ಆದರ್ಶವೇ ಬೇರೆಯಾಗಿತ್ತು. ಕಾಗದದ ಮೇಲೆ ಲೇಖನಿ ಎಳೆದ ಗೆರೆಯ ದಪ್ಪ ತೆಳುವುಗಳು, ಅದರ ಓಟ, ಅದರ ತಿರುವು ಗೋಡೆಯ ಮೇಲೂ ಕಾಣಬೇಕೆಂಬ ಅಪೇಕ್ಷೆಯಿತ್ತು. ಸುಲುಸ್ ಲಿಪಿ ಅಂತಹ ಅಪೇಕ್ಷೆಯ ಫಲ. ಅದಕ್ಕೆ ಬೇಕಾದದ್ದು ಕಣ ಕಣವೂ ಬಿಗಿಯಾಗಿರುವ, ಅಂಚು ಮುರಿಯದ, ನಯಗೊಳಿಸಿದರೆ ಹೊಳೆಯುವ ಕಲ್ಲು. ಜಂಬಿಟ್ಟಿಗೆ ಅದನ್ನು ಕೊಡಲಾರದು, ಇಟ್ಟಿಗೆಯೂ ಕೊಡಲಾರದು. ಕರಿಗಲ್ಲು ಕೊಟ್ಟಿತು. ಕಲ್ಯಾಣದ ಚಾಲುಕ್ಯರ ಕಾಲದ ಗುಡಿಗಳನ್ನು ಕಂಡಿದ್ದ ಸೀಮೆ ಇದು; ಬೀದರ ಜಿಲ್ಲೆಯ ಜಲಸಂಗವಿಯ ದೇವಾಲಯದ ಮದನಿಕೆಯರು ಇಂದಿಗೂ ಆ ಕಾಲದ ಕೈಚಳಕಕ್ಕೆ ಸಾಕ್ಷಿ. ಇಂತಹ ನೆಲದಲ್ಲಿ ಕಲ್ಲನ್ನು ಲೇಖನಿಯ ಓಟಕ್ಕೆ ಬಗ್ಗಿಸುವುದು ಆಶ್ಚರ್ಯದ ಮಾತಲ್ಲ. ಮುಂದೆ ಬರೀದಶಾಹಿ ಅಲಿ ಬರೀದನ ಕಾಲದಲ್ಲಿ (1542–1580) ಬೀದರ ಕೋಟೆಯ ರಂಗೀನ್ ಮಹಲಿನಲ್ಲಿ ಇದೇ ಕರಿಗಲ್ಲಿನೊಳಗೆ ಮುತ್ತಿನ ಚಿಪ್ಪಿನ ತುಣುಕುಗಳನ್ನು ಕೂಡಿಸಿದ ಕೆಲಸ ಕಾಣುತ್ತದೆ. ಕರಿಯ ನೆಲದ ಮೇಲೆ ಬೆಳಗುವ ಗೆರೆ ಈ ಊರಿನ ಕಣ್ಣಿಗೆ ಒಗ್ಗಿದ ಸೌಂದರ್ಯ.

ಇಟ್ಟಿಗೆಯ ನೆನಪು ಬೀದರಿನಲ್ಲಿ ಪೂರ್ತಿ ಅಳಿಯಲಿಲ್ಲ. 1472ರಲ್ಲಿ ಕಟ್ಟಿದ ಮಹಮೂದ್ ಗವಾನನ ಮದರಸಾದ ಉಳಿದಿರುವ ಮಿನಾರಿನ ಮೈಸುತ್ತ ಟೈಲ್ ಬಿಲ್ಲೆಗಳ ಓರೆಗೆರೆಗಳು ಅಲೆಯಲೆಯಾಗಿ ಏರಿವೆ. ಬಣ್ಣ ಟೈಲಿನದು, ವಿನ್ಯಾಸದ ತರ್ಕ ಇಟ್ಟಿಗೆಯದು: ತುಂಡನ್ನು ತುಂಡಿಗೆ ಓರೆಯಾಗಿ ಕೂಡಿಸುವ ‘ಹಜಾರ್ ಬಾಫ್’ ಅಲ್ಲಿ ಬೇರೆ ಉಡುಪಿನಲ್ಲಿ ಮರಳಿದೆ. ಅದೇ ಮದರಸಾದ ಗೋಡೆಯ ಮೇಲಂಚಿನ ಅಕ್ಷರಪಟ್ಟಿಗೆ ಮಾತ್ರ ಸುಲುಸ್ ಲಿಪಿಯೇ ಬೇಕಾಯಿತು. ಒಂದೇ ಕಟ್ಟಡದಲ್ಲಿ ಎರಡು ತರ್ಕಗಳೂ ಪಕ್ಕಪಕ್ಕದಲ್ಲಿ ನಿಂತಿವೆ.

ಆದರೆ ಈ ಬದಲಾವಣೆಗೆ ಬೆಲೆ ತೆರದೆ ಇರಲಿಲ್ಲ. ಖರ್ರಕಾನಿನಲ್ಲಿ ವಿನ್ಯಾಸಗಳು ಎಂಟೂ ಮುಖಗಳಿಗೆ ಹಂಚಿಹೋಗಿರುವುದರಿಂದ ನೋಡುಗ ಸುತ್ತು ಬರಲೇಬೇಕು. ಗೋರಿಯ ಸುತ್ತ ನಡೆಯುವುದೇ ಅದನ್ನು ಓದುವ ಕ್ರಮ. ಚೌಖಂಡಿಯಲ್ಲಿ ಎಂಟೂ ಮುಖಗಳಲ್ಲಿ ಕಮಾನುಗಳಿದ್ದರೂ ಅಕ್ಷರದ ಭಾರವೆಲ್ಲ ಪ್ರವೇಶದ ಮುಖದ ಮೇಲಿದೆ. ನೋಡುಗ ಎದುರು ನಿಲ್ಲುತ್ತಾನೆ, ಓದುತ್ತಾನೆ, ಒಳಗೆ ಹೋಗುತ್ತಾನೆ. ಉಳಿದ ಮುಖಗಳು ಅವನನ್ನು ಸುತ್ತಲು ಅಷ್ಟಾಗಿ ಕರೆಯುವುದಿಲ್ಲ. ಎಂಟು ಮೂಲೆಯ ಆಕೃತಿ ಸ್ವಭಾವತಃ ಬಯಸುವ ಪ್ರದಕ್ಷಿಣೆಗೂ ಬಾಗಿಲಿನ ಮೇಲಿನ ಅಕ್ಷರ ಬಯಸುವ ಎದುರುನಿಲುವಿಗೂ ಇಲ್ಲಿ ಪೂರ್ಣ ಸಂಧಾನವಾಗಿಲ್ಲ. ಇದನ್ನು ಚೌಖಂಡಿಯ ನಿಜವಾದ ದೋಷವೆಂದು ಹೇಳಬಹುದು. ಈ ದೋಷ ಕಟ್ಟಡದ ಒಳಗಿನ ತರ್ಕದಿಂದ ಹುಟ್ಟಿದ್ದು. ‘ಅನುಕರಣೆ’ ಎಂಬ ಆರೋಪಕ್ಕೂ ಇದಕ್ಕೂ ಸಂಬಂಧವಿಲ್ಲ.

4. ಯಾರ ಹೆಸರು ಉಳಿಯಿತು

ಒಂದು ಕಟ್ಟಡ ತನ್ನ ಕಲೆ ಎಲ್ಲಿದೆಯೆಂದು ನಂಬಿತ್ತು ಎಂಬುದನ್ನು ಅದು ಯಾರ ಹೆಸರನ್ನು ಉಳಿಸಿಕೊಂಡಿದೆ ಎಂಬುದರಿಂದ ಊಹಿಸಬಹುದು. ಖರ್ರಕಾನಿನ ಮೊದಲ ಗೋಪುರದಲ್ಲಿ ಉಳಿದಿರುವ ಹೆಸರು ಮುಹಮ್ಮದ್ ಬಿನ್ ಮಕ್ಕಿ ಅಲ್ ಜಂಜಾನಿಯದು. ಎರಡನೆಯದರಲ್ಲಿ ಅಬುಲ್ ಮಆಲಿ ಬಿನ್ ಮಕ್ಕಿ ಅಲ್ ಜಂಜಾನಿಯದು. ಇಬ್ಬರೂ ಕಟ್ಟಿದವರು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದಲ್ಲಿ ಅನಿವಾರಿತಾಚಾರಿ ಗುಂಡನ ಹೆಸರೂ ಸರ್ವಸಿದ್ಧಿ ಆಚಾರಿಯ ಹೆಸರೂ ಉಳಿದಿವೆ. ಅವರೂ ಕಟ್ಟಿದವರು. ಚೌಖಂಡಿಯಲ್ಲಿ ಉಳಿದಿರುವುದು ಬರೆದವನ ಹೆಸರು. ಅಷ್ಟೂರಿನಲ್ಲಿಯೇ ಇರುವ ಅಹ್ಮದ್ ಶಹನ ಗೋರಿಯ ಒಳಗೆ, ಗುಮ್ಮಟದವರೆಗೂ ಬಂಗಾರ, ನೀಲಿ, ಕೆಂಪು ಬಣ್ಣಗಳಲ್ಲಿ ಹರಡಿರುವ ಚಿತ್ತಾರದ ನಡುವೆ ಉಳಿದಿರುವುದು ಶುಕ್ರುಲ್ಲಾ ಕಜ್ವೀನಿ ಎಂಬ ಚಿತ್ರಕಾರನ ಹೆಸರು.

ಈ ನಾಲ್ಕು ಉದಾಹರಣೆಗಳ ಸಾಲು ಬಹಳಷ್ಟನ್ನು ಹೇಳುತ್ತದೆ. ಪಟ್ಟದಕಲ್ಲಿಗೂ ಖರ್ರಕಾನಿಗೂ ನಡುವೆ ಧರ್ಮ, ದೇಶ, ಕಾಲ, ಸಾಮಗ್ರಿ ಎಲ್ಲವೂ ಬೇರೆ. ಆದರೂ ಕಲೆ ಕಟ್ಟಡದ ಮೈಯಲ್ಲಿದೆ, ಆದ್ದರಿಂದ ಕಟ್ಟಿದವನು ಸ್ಮರಣೀಯ ಎಂಬ ನಂಬಿಕೆಯಲ್ಲಿ ಅವೆರಡೂ ಒಂದು. ಖರ್ರಕಾನಿಗೂ ಚೌಖಂಡಿಗೂ ನಡುವೆ ಧರ್ಮ ಒಂದು, ಪಾರಸಿ ಸಂಸ್ಕೃತಿಯ ನಂಟು ಒಂದು, ಎಂಟು ಮೂಲೆಯ ಆಕೃತಿ ಒಂದು. ಆದರೂ ಆ ನಂಬಿಕೆಯಲ್ಲಿ ಅವು ಬೇರೆ. ಅಂದರೆ ಕಟ್ಟಡಗಳನ್ನು ‘ಹಿಂದೂ’, ‘ಇಸ್ಲಾಮೀ’ ಎಂಬ ಎರಡು ಕಪಾಟುಗಳಲ್ಲಿ ಜೋಡಿಸಿಡುವ ಪದ್ಧತಿ ಇಲ್ಲಿ ಕೆಲಸಕ್ಕೆ ಬಾರದು. ಲಿಪಿಕಾರ ಬರೆದುಕೊಟ್ಟದ್ದನ್ನು ಕರಿಗಲ್ಲಿಗೆ ಇಳಿಸಿದ ಉಳಿಗಳ ಹಿಂದಿನ ಕೈಗಳ ಹೆಸರು ಚರಿತ್ರೆಯ ಬರಹಗಳಲ್ಲಿ ಉಳಿದಿಲ್ಲ. ಪಟ್ಟದಕಲ್ಲಿನಲ್ಲಿ ಶಾಸನಕ್ಕೆ ಅರ್ಹನಾಗಿದ್ದ ಕಲ್ಲುಕುಟಿಗ ಅಷ್ಟೂರಿನಲ್ಲಿ ಮರೆಗೆ ಸರಿದಿದ್ದಾನೆ. ಅಕ್ಷರ ಪ್ರಧಾನವಾದುದರ ಇನ್ನೊಂದು ಬೆಲೆ ಇದು.

5. ‘ಪ್ರಭಾವ’ ಎಂಬ ಮಾತು

ಚೌಖಂಡಿಯನ್ನು ಇರಾನಿನ ಪ್ರಭಾವವೆಂದು ಕರೆಯುವವರು ದಾರಿ ಒಂದೇ ದಿಕ್ಕಿನದೆಂದು ಭಾವಿಸುತ್ತಾರೆ. ಇತಿಹಾಸ ಇದನ್ನು ಒಪ್ಪುವುದಿಲ್ಲ. ಮಾಹಾನಿನಲ್ಲಿರುವ ಶಾಹ್ ನಿಯಾಮತುಲ್ಲಾ ಅವರ ಗೋರಿಯ ಗುಮ್ಮಟ ಕಟ್ಟಿಸಿದವನು ಬೀದರಿನ ಅಹ್ಮದ್ ಶಹ. ಅವನ ಆಜ್ಞೆಯಿಂದ ಆರಂಭವಾದ ಆ ಕೆಲಸ 1436ರಲ್ಲಿ ಮುಗಿಯಿತು. ತಂದೆಯ ಗೋರಿ ಇರಾನಿನಲ್ಲಿ, ಮಗನ ಗೋರಿ ಬೀದರಿನಲ್ಲಿ. ತಂದೆಯ ಗೋರಿಗೆ ಹಣ ಹೋದದ್ದು ದಖನಿನಿಂದ, ಮಗನ ಗೋರಿಗೆ ಅಕ್ಷರ ಬಂದದ್ದು ಶಿರಾಜಿನಿಂದ. ಇದು ಕೊಟ್ಟು ಪಡೆದ ಸಂಬಂಧ. ಒಬ್ಬ ಕೊಡುವವ, ಒಬ್ಬ ಬೇಡುವವ ಎಂಬ ಚಿತ್ರಕ್ಕೆ ಇಲ್ಲಿ ಆಧಾರವಿಲ್ಲ.

ಸ್ಥಳೀಯ ಜನಜೀವನ ಈ ಕಟ್ಟಡಗಳನ್ನು ಎಂದೂ ಹೊರಗಿನವೆಂದು ಬಗೆದಿಲ್ಲ ಎಂಬುದನ್ನೂ ಇದರೊಂದಿಗೆ ಗಮನಿಸಬೇಕು. ಅಹ್ಮದ್ ಶಹನನ್ನು ಮುಸ್ಲಿಮರು ವಲಿ ಎಂದು ನಂಬಿದರೆ ಲಿಂಗಾಯತರು ಅಲ್ಲಮಪ್ರಭುವಿನ ಅಂಶವೆಂದು ಭಾವಿಸುತ್ತಾರೆ. ಅಷ್ಟೂರಿನ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬರುವ ಪದ್ಧತಿಯಿದೆ. ಈ ಸಂಗತಿಗಳನ್ನು ಸೌಹಾರ್ದದ ಉದಾಹರಣೆಯಾಗಿ ಮಾತ್ರ ಉಲ್ಲೇಖಿಸಿ ಮುಂದೆ ಸಾಗುವುದು ವಾಡಿಕೆ. ವಿಮರ್ಶೆಗೆ ಅದು ಸಾಲದು. ಜನ ತಮ್ಮದೆಂದು ಒಪ್ಪಿಕೊಂಡ ಕಟ್ಟಡವನ್ನು ವಿದ್ವಾಂಸರು ‘ಪ್ರಭಾವ’ ಎಂಬ ಪದದಿಂದ ಮತ್ತೆ ಪರಕೀಯಗೊಳಿಸುತ್ತಿದ್ದಾರೆಯೇ ಎಂಬ ಪ್ರಶ್ನೆಯನ್ನೂ ಅದು ಕೇಳಬೇಕು.

ಈ ದೃಷ್ಟಿಯಿಂದ ಹಿಂದಿನ ಅಧ್ಯಯನಗಳ ಋಣವನ್ನೂ ಮಿತಿಯನ್ನೂ ಗುರುತಿಸಬೇಕಾಗಿದೆ. ಹೈದರಾಬಾದ್ ಸಂಸ್ಥಾನದ ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಗುಲಾಮ್ ಯಜ್ದಾನಿ 1947ರಲ್ಲಿ ಪ್ರಕಟಿಸಿದ ಬೀದರ ಸ್ಮಾರಕಗಳ ಗ್ರಂಥ ಇಂದಿಗೂ ಆಧಾರ. ಜಾರ್ಜ್ ಮಿಶೆಲ್ ಮತ್ತು ಮಾರ್ಕ್ ಜೆಬ್ರೋವ್‌ಸ್ಕಿ 1999ರಲ್ಲಿ ಹೊರತಂದ ಕೃತಿ ದಖನಿನ ಸುಲ್ತಾನರ ಕಾಲದ ಕಲೆಯನ್ನು ಒಂದು ಸ್ವತಂತ್ರ ಕ್ಷೇತ್ರವಾಗಿ ನಿಲ್ಲಿಸಿತು. ಆದರೆ ಕನ್ನಡದಲ್ಲಿ ಗುಡಿಯ ಅಧಿಷ್ಠಾನದಿಂದ ಶಿಖರದವರೆಗೆ ಪ್ರತಿಯೊಂದು ಅಂಗಕ್ಕೂ ಖಚಿತವಾದ ಪರಿಭಾಷೆ ಬೆಳೆದಂತೆ ಇಟ್ಟಿಗೆ, ಗಾರೆ, ಟೈಲ್ ಕೆಲಸಗಳಿಗೆ ಬೆಳೆದಿಲ್ಲ. ಗೌಂಡಿಗಳ ಬಾಯಲ್ಲಿ, ಗಚ್ಚಿನ ಕೆಲಸದವರ ಬಾಯಲ್ಲಿ ಪದಗಳಿವೆ. ಅವು ಗ್ರಂಥಕ್ಕೆ ಬಂದಿಲ್ಲ. ಪದ ಇಲ್ಲದ ಕಡೆ ಕಣ್ಣೂ ನಿಲ್ಲುವುದಿಲ್ಲ.

6. ಕೊಂಡಿ ಕಳಚಿದಾಗ

ಚೌಖಂಡಿಯಿ0ದ ಇನ್ನಷ್ಟು ಮುಂದೆ, ಅಷ್ಟೂರಿನ ಗೋರಿಗಳ ಸಾಲಿನಲ್ಲಿ, ಹುಮಾಯೂನ್ ಶಹನ (1458–1461) ಗೋರಿ ಸಿಡಿಲಿಗೆ ಸಿಕ್ಕಿ ಸೀಳಿಹೋಗಿದೆ. ಗುಮ್ಮಟದ ಒಂದು ಪಾಲು ಮಾತ್ರ ನಿಂತಿದೆ. ಬೇರೆ ಗೋರಿಗಳು ಬಚ್ಚಿಟ್ಟಿರುವುದನ್ನು ಇದು ಬಿಚ್ಚಿ ತೋರಿಸುತ್ತದೆ: ಗೋಡೆಯ ದಪ್ಪ, ಗುಮ್ಮಟದ ಬಾಗು, ಗಾರೆಯ ಹಿಂದಿನ ಒಡಲು. ಕಟ್ಟಡ ಹೇಗೆ ನಿಂತಿತ್ತೆಂದು ತಿಳಿಯಬಯಸುವವರಿಗೆ ಇದು ಬೆಲೆಬಾಳುವ ಪಾಠ. ಆದರೆ ಈ ಒಡಲನ್ನೇ ಬಹಮನಿ ವಾಸ್ತುವಿನ ಸೌಂದರ್ಯವೆಂದು ತಿಳಿದರೆ ಪಾಠ ತಲೆಕೆಳಗಾಗುತ್ತದೆ. ದೇಹದ ಅಸ್ಥಿಪಂಜರ ದೇಹವನ್ನು ನಿಲ್ಲಿಸುತ್ತದೆ, ಮುಖಲಕ್ಷಣವನ್ನು ಹೇಳುವುದಿಲ್ಲ.

ಇಂದಿನ ನೋಡುಗನಿಗೆ ಈ ಅಪಾಯ ನಿಜವಾದದ್ದು. ಟೈಲ್ ಬಿಲ್ಲೆ ಕಳಚಿ, ಗಾರೆ ಉದುರಿ ಉಳಿದ ಗೋಡೆಯ ಗಾಂಭೀರ್ಯವನ್ನು ಮೆಚ್ಚುವ ಅಭಿರುಚಿ ಬೆಳೆದಿದೆ. ಚೌಖಂಡಿಯ ಸರಳತೆ, ಅದರ ವೈರಾಗ್ಯ, ಸೂಫಿ ಸಂತನಿಗೆ ತಕ್ಕ ಅದರ ಬರಿಮೈ ಎಂದೆಲ್ಲ ಬರೆಯುವುದು ಸುಲಭ. ಕಟ್ಟಡ ಎದ್ದಾಗ ಅದು ಬರಿಮೈಯಾಗಿರಲಿಲ್ಲ. ಹಸಿರು ನೀಲಿಗಳ ಮೆರುಗು, ಕರಿಗಲ್ಲಿನ ಹೊಳಪು, ಬಿಳಿಯ ಗಾರೆ ಇವು ಮೂರೂ ಒಂದಕ್ಕೊಂದು ಎದುರಾಗಿ ನಿಂತು ಅಕ್ಷರವನ್ನು ಎತ್ತಿ ತೋರಿಸುತ್ತಿದ್ದವು. ಬರಿಮೈ ಕಲಾವಿದನ ಆಯ್ಕೆಯಲ್ಲ, ಕಾಲದ ಕೆಲಸ. ಖರ್ರಕಾನಿನ ಬಗ್ಗೆ ಹೇಳಬಹುದಾದ ಮಾತನ್ನು ಚೌಖಂಡಿಗೆ ಹೇಳಿದರೆ ಕಳೆದುಹೋದದ್ದಕ್ಕೆ ಲೆಕ್ಕವೇ ಇಲ್ಲದಂತಾಗುತ್ತದೆ.

ಸಂರಕ್ಷಣೆಯ ಪ್ರಶ್ನೆಯೂ ಇಲ್ಲಿಯೇ ಹುಟ್ಟುತ್ತದೆ. ಅಷ್ಟೂರಿನ ಗೋರಿಗಳೂ ಚೌಖಂಡಿಯೂ ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ರಕ್ಷಣೆಯಲ್ಲಿವೆ. 2014ರಲ್ಲಿ ದಖನ್ ಸುಲ್ತಾನರ ಸ್ಮಾರಕಗಳು ಮತ್ತು ಕೋಟೆಗಳು ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದವು. ಬೀದರಿನ ಸ್ಮಾರಕಗಳು ಅದರಲ್ಲಿವೆ. ಪಟ್ಟಿ ಕಟ್ಟಡವನ್ನು ಗುರುತಿಸುತ್ತದೆ. ಕಟ್ಟಡದ ಯಾವ ಪದರವನ್ನು ಮೊದಲು ಕಾಪಾಡಬೇಕೆಂಬುದನ್ನು ವಿಮರ್ಶೆ ಹೇಳಬೇಕು. ಕಲ್ಲಿನ ಗುಡಿಯಲ್ಲಿ ಕಲ್ಲನ್ನು ಕಾಪಾಡಿದರೆ ಕಲೆಯನ್ನು ಕಾಪಾಡಿದಂತೆ. ಚೌಖಂಡಿಯಲ್ಲಿ ಗೋಡೆಯನ್ನು ಗಟ್ಟಿಮಾಡಿ, ಬಿರುಕು ಮುಚ್ಚಿ, ಹೊಸ ಗಾರೆ ಬಳಿದರೂ ಕಲೆ ಉಳಿಯಿತೆನ್ನುವಂತಿಲ್ಲ. ಅಲ್ಲಿ ಕಲೆ ಇರುವುದು ಕೂಡಿಸಿದ ಕಲ್ಲಿನಲ್ಲಿ, ಅಳಿದುಳಿದ ಟೈಲಿನ ಚೂರುಗಳಲ್ಲಿ, ಅವುಗಳ ಹಿಂದಿನ ಗಾರೆಯ ಗುರುತುಗಳಲ್ಲಿ. ಟೈಲ್ ಬಿದ್ದುಹೋದ ಜಾಗದಲ್ಲಿ ಗಾರೆಯ ಮೇಲೆ ಉಳಿದ ಅಚ್ಚು ಒಂದು ದಾಖಲೆ. ಅದರ ಮೇಲೆ ಹೊಸ ಗಾರೆ ಬಳಿಯುವುದು ಶಾಸನವನ್ನು ಓದದೆ ಉಜ್ಜಿಹಾಕಿದಂತೆ. ಕೊಂಡಿಯ ಕಟ್ಟಡದಲ್ಲಿ ಮೊದಲು ಕಾಪಾಡಬೇಕಾದದ್ದು ಕೊಂಡಿಯನ್ನೇ.

ಬೀದರಿನಲ್ಲಿ ಆರಂಭವಾದ ಈ ಸ್ಥಳಾಂತರ ಅಲ್ಲಿಗೇ ನಿಲ್ಲಲಿಲ್ಲ. 1997ರವರೆಗೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳನ್ನು ಒಳಗೊಂಡಿದ್ದ ಅಂದಿನ ವಿಜಾಪುರ ಜಿಲ್ಲೆಯ ಕೇಂದ್ರದಲ್ಲಿ ಅದರ ಎರಡು ಕೊನೆಗಳು ಕಾಣಸಿಗುತ್ತವೆ. 17ನೇ ಶತಮಾನದ ಇಬ್ರಾಹೀಂ ರೋಜಾದಲ್ಲಿ ಗೋರಿಕೋಣೆಯ ಹೊರಗೋಡೆಗಳ ತುಂಬ, ಕಿಟಕಿಗಳ ಜಾಲರಿಯಲ್ಲಿ ಕೂಡ, ಕಲ್ಲೇ ಅಕ್ಷರವಾಗಿದೆ. ಅಲ್ಲಿ ಒಡಲೂ ಸೆರಗೂ ಮತ್ತೆ ಒಂದೇ ಹಾಸಿಗೆ ಬಂದಿವೆ, ಈ ಸಲ ಇಟ್ಟಿಗೆಯ ಬದಲು ಕಲ್ಲಿನಲ್ಲಿ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಹನ ಗೋಳಗುಮ್ಮಟದಲ್ಲಿ ಸುಮಾರು 38 ಮೀಟರ್ ಒಳವ್ಯಾಸದ ಗುಮ್ಮಟವನ್ನು ಹೊತ್ತಿರುವುದು ಇಟ್ಟಿಗೆ ಮತ್ತು ಗಾರೆ. ಇರಾನಿನಲ್ಲಿ ಕಣ್ಣಿಗೆ ಹಬ್ಬವಾಗಿದ್ದ ಇಟ್ಟಿಗೆ ಇಲ್ಲಿ ಒಂದು ಸಾಲನ್ನೂ ತೋರಿಸದೆ ಗಾರೆಯ ಹಿಂದೆ ನಿಂತು ಭಾರ ಹೊತ್ತಿದೆ. ನಾಲ್ಕು ಮೂಲೆಗಳಲ್ಲಿ ಏಳೇಳು ಅಂತಸ್ತಿನ ಎಂಟು ಮೂಲೆಯ ಗೋಪುರಗಳಿವೆ. ಅವು ಈಗ ಗೋರಿಯಲ್ಲ, ಗೋರಿಯ ಕಾವಲು.

ಹೀಗೆ ನೋಡಿದಾಗ ಚೌಖಂಡಿ ಎರಡು ದಾರಿಗಳು ಕವಲೊಡೆಯುವ ಎಡೆಯಲ್ಲಿ ನಿಂತ ಕಟ್ಟಡ. ಅದರ ಹಿಂದೆ ಇಟ್ಟಿಗೆಯ ನೇಯ್ಗೆ, ಅದರ ಮುಂದೆ ಕಲ್ಲಿನ ಅಕ್ಷರ ಮತ್ತು ಮರೆಯ ಇಟ್ಟಿಗೆ. ಬಾದಾಮಿ ಐಹೊಳೆಗಳಲ್ಲಿ ಪಳಗಿದ ಕನ್ನಡದ ಕಣ್ಣು ಅಷ್ಟೂರಿನ ಮೆಟ್ಟಿಲು ಹತ್ತಿದಾಗ ತನ್ನ ಹಳೆಯ ಪ್ರಶ್ನೆಗಳನ್ನು ಕೈಬಿಡಬೇಕಾಗಿಲ್ಲ. ಯಾವ ಕಲ್ಲು, ಕಡೆದವರು ಯಾರು ಎಂಬುದರ ಜೊತೆಗೆ ಇನ್ನೆರಡನ್ನು ಕೇಳಿದರೆ ಸಾಕು: ಈ ಕಲ್ಲನ್ನು ಯಾವುದರ ಮೇಲೆ ಕೂಡಿಸಲಾಗಿದೆ, ಕೂಡಿಸಿದ್ದರಲ್ಲಿ ಕಳಚಿಹೋದದ್ದೆಷ್ಟು? ಅಲ್ಲಿಂದ ಹಿಂದಿರುಗಿ ಬಾದಾಮಿಯ ಗುಡ್ಡದ ಬುಡದ ಗೋರಿಯ ಮುಂದೆ ನಿಂತಾಗ ಅದರ ಗಾರೆಯ ಗೋಡೆಯೂ ಓದಿಗೆ ತೆರೆದುಕೊಳ್ಳುತ್ತದೆ.